ಲಿವಿಡ್ ಎಂಬ ಪದಕ್ಕೆ ಅಮ್ಮನ ಸಹಿ

ಜೂನ್ ೪

ಮಗಳೇ,

ಫೋನ್ ಮಾಡೋಣ ಅಂದ್ಕೊಂಡೆ. ಆದ್ರೆ ಫೋನಲ್ಲಿ ನೀನು ‘ಹೂಂ’, ‘ಊಹೂಂ’, ‘ಆಯ್ತಮ್ಮ’ ಬಿಟ್ಟು ನಾಲ್ಕನೇ ಮಾತು ಆಡಲ್ಲ. ಕಾಗದ ಅಂದ್ರೆ ಮಾತ್ರ ನಿನಗೆ ಬಾಯಿ ಬರುತ್ತೆ. ಅದಕ್ಕೇ ಬರೀತಿದ್ದೀನಿ.

ಆಸ್ಪತ್ರೆಯೋರು ನನಗೊಂದು ಇಂಗ್ಲಿಷ್ ಕಾಗದ ಕೊಟ್ಟಿದ್ದಾರೆ. ಇದಕ್ಕೆ ಸಹಿ ಹಾಕಿ, ಅಲ್ಲೀತನಕ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ವಾರ್ಡಿನ ಸಿಸ್ಟರ್ ಹತ್ರ ಓದಿಸಿದೆ. ಪುಣ್ಯಾತ್ಗಿತ್ತಿ ಎಲ್ಲಾ ಚೆನ್ನಾಗೇ ಹೇಳ್ತಾ ಬಂದು ಒಂದು ಪದದ ಹತ್ರ ನಿಂತುಬಿಟ್ರು. “ಅಂದ್ರೆ... ಅದೇ... ಒಂಥರಾ” ಅಂತ ಗಾಳೀಲಿ ಕೈ ತಿರುಗಿಸಿದ್ರು. ಒಂಥರಾ ಅನ್ನೋದಕ್ಕೆಲ್ಲಾ ನಾನು ಸಹಿ ಹಾಕ್ತೀನಾ? ಆ ಪದ ಹೀಗಿದೆ: ಎಲ್, ಐ, ವಿ, ಐ, ಡಿ. ಶೀಟಿನ ಮೂಲೇಲಿ ವಾರ್ಡಿನ ಗುರುತು ಹೊಲಿದೂ ಹೊಲಿದೂ ಅಕ್ಷರ ಒಂದೊಂದೂ ನಂಗೆ ಪರಿಚಯ. ಅವೆಲ್ಲಾ ಒಟ್ಟಿಗೆ ಕೂತ್ಕೊಂಡು ಏನು ಮಾತಾಡ್ಕೋತವೆ ಅನ್ನೋದೇ ಗೊತ್ತಾಗಲ್ಲ.

ನಿನ್ನ ದೊಡ್ಡಮ್ಮ ಇಲ್ಲೇ ಪಕ್ಕದಲ್ಲಿ ಕೂತು ಇಣುಕ್ತಿದ್ದಾಳೆ. ಇಷ್ಟು ವರ್ಷ ನನ್ನ ಜೊತೆ ಹೊಲಿದೂ ಬುದ್ಧಿ ಬಂದಿಲ್ಲ. “ಆಸ್ಪತ್ರೆ ಅಲ್ವೇನೇ, ಲಿವರಿಗೆ ಸಂಬಂಧಪಟ್ಟದ್ದಿರಬೇಕು. ನಿಂಗೆ ಏನೋ ಕಾಯಿಲೆ ಅಂತ ಬರೆದವ್ರೆ” ಅಂತಾಳೆ.

ಡಿಕ್ಷನರಿ ಆಫೀಸಲ್ಲಿ ಮಗಳನ್ನ ಇಟ್ಕೊಂಡು ನಾನು ಕಂಡೋರನ್ನೆಲ್ಲಾ ಅರ್ಥ ಕೇಳ್ಕೊಂಡು ತಿರುಗಬೇಕಾ? ಬೇಗ ಬರಿ.

ನಿನ್ನ ಅಮ್ಮ


ಜೂನ್ ೧೧

ಪ್ರೀತಿಯ ಅಮ್ಮನಿಗೆ,

ದೊಡ್ಡಮ್ಮನಿಗೆ ಹೇಳು, ನಿನ್ನ ಲಿವರ್ ಚೆನ್ನಾಗಿದೆ. ಆ ಪದ ‘ಲಿವಿಡ್’. ವಿಪರೀತ ಸಿಟ್ಟುಗೊಂಡ ಎಂದು ಅರ್ಥ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನೀನು ಇಷ್ಟಕ್ಕೆ ಬಿಡುವವಳಲ್ಲ. ನಮ್ಮ ಕಚೇರಿಯ ಗೋಡೆಯುದ್ದಕ್ಕೂ ಮರದ ಗೂಡುಗಳಿವೆ. ಒಂದೊಂದು ಇಂಗ್ಲಿಷ್ ಪದಕ್ಕೂ ಒಂದೊಂದು ಗೂಡು. ಅದರೊಳಗೆ ಆ ಪದ ಬಳಕೆಯಾದ ವಾಕ್ಯಗಳ ಚೀಟಿಗಳು. ಪತ್ರಿಕೆಯಲ್ಲಿ ಓದಿದ್ದು, ಬಸ್ಸಿನಲ್ಲಿ ಕೇಳಿದ್ದು, ಯಾರದೋ ಜಗಳದಲ್ಲಿ ಹೆಕ್ಕಿಕೊಂಡದ್ದು. ನಾವು ಮೊದಲು ವಾಕ್ಯಗಳನ್ನು ಓದುತ್ತೇವೆ, ಅರ್ಥ ಬರೆಯುವುದು ಆಮೇಲೆ. ಲಿವಿಡ್ ಗೂಡಿಗೆ ಬಹಳ ದಿನದಿಂದ ಯಾರೂ ಕೈ ಹಾಕಿರಲಿಲ್ಲ. ತೆಗೆದರೆ ಸೀನು ಬಂತು.

ಮೊದಲು ಈ ಪದ ಸಿಟ್ಟಿನದ್ದೇ ಆಗಿರಲಿಲ್ಲ, ಬಣ್ಣದ್ದು. ಏಟು ಬಿದ್ದ ಜಾಗ ಮಾರನೆಯ ದಿನ ನೀಲಿಗಟ್ಟುತ್ತದಲ್ಲ, ಆ ಬಣ್ಣ. ಆಮೇಲೆ ಬಿಳಿಚಿಕೊಂಡ ಮುಖಕ್ಕೆ ಬಂತು. ಅಲ್ಲಿಂದ ಸಿಟ್ಟಿಗೆ. ಈಗ ಹೇಳುವವರಿಗೆ ಬಣ್ಣ ನೆನಪಿಲ್ಲ; ಕೆಲವರಂತೂ ಕೆಂಪು ಎಂದೇ ತಿಳಿದಿದ್ದಾರೆ. ಇಂಗ್ಲಿಷಿನ ಸಿಟ್ಟಿಗೆ ಮೆಟ್ಟಿಲುಗಳಿವೆ ಅಮ್ಮಾ. ಸೊಳ್ಳೆ ಕಚ್ಚಿದಷ್ಟಕ್ಕೆ ಒಂದು, ಬಸ್ಸು ತಪ್ಪಿದ್ದಕ್ಕೆ ಒಂದು. ನಡುವೆ ಎಲ್ಲರಿಗೂ ಗೊತ್ತಿರುವ ‘ಆಂಗ್ರಿ’. ಲಿವಿಡ್ ಇರುವುದು ಮಾಳಿಗೆಯ ಮೇಲೆ. ಅಲ್ಲಿಗೆ ಏರಿದವರಿಗೆ ಕೆಳಗಿನದು ಕಾಣುವುದಿಲ್ಲ ಎಂಬ ಭಾವನೆ.

ನೀನು ಅಲ್ಲಿಯವರೆಗೆ ಏರಿದ್ದು ಯಾವಾಗ? ನಿನ್ನ ಸಿಟ್ಟನ್ನು ನಾನು ನೋಡಿಯೇ ಇಲ್ಲ. ಏನಾಯಿತು? ಕೆಲಸಕ್ಕೆ ಬರಬೇಡಿ ಎಂದರೆ ಏನು ಅರ್ಥ?

ನಿನ್ನ ಮಗಳು


ಜೂನ್ ೧೯

ಮಗಳೇ,

ನನ್ನ ಬಣ್ಣ ನಿಂಗೆ ಗೊತ್ತಲ್ಲ, ಬಾಣಲೆ ತಳ. ಇದರ ಮೇಲೆ ನೀಲಿ ಬಂದ್ರೂ ಒಂದೇ, ಕೆಂಪು ಬಂದ್ರೂ ಒಂದೇ. ಇಸ್ತ್ರಿ ಸಾಹೇಬರು ಅದನ್ನ ಹೇಗೆ ಕಂಡ್ರೋ! ಇಸ್ತ್ರಿ ಸಾಹೇಬರು ಅಂದ್ರೆ ಹೊಸ ಮ್ಯಾನೇಜರ್. ಕೂತು ಎದ್ರೂ ಅವರ ಅಂಗಿ ಮುದುಡಲ್ಲ, ಅದಕ್ಕೇ ಬಟ್ಟೆ ರೂಮಿನೋರು ಇಟ್ಟ ಹೆಸರು.

ನಡೆದದ್ದು ಹೇಳ್ತೀನಿ ಕೇಳು. ಒಗೆದು ಬಂದ ಬೆಡ್‌ಶೀಟನ್ನ ನಾನೂ ನಿನ್ನ ದೊಡ್ಡಮ್ಮನೂ ಆ ತುದಿ ಈ ತುದಿ ಹಿಡ್ಕೊಂಡು ಕಿಟಕಿಗೆ ಅಡ್ಡ ಹಿಡೀತೀವಲ್ಲ, ನೀನು ಚಿಕ್ಕೋಳಿದ್ದಾಗ ಅದರಡಿ ಓಡಾಡ್ತಿದ್ದೆ. ಬೆಳಕು ಸಮನಾಗಿ ಬಂದ್ರೆ ಶೀಟು ಮೇಲೆ ವಾರ್ಡಿಗೆ ಹೋಗುತ್ತೆ. ನಡುವೆ ಎಲ್ಲಾದ್ರೂ ಬೆಳಕು ಜಾಸ್ತಿ ಬಂತಾ, ಬಟ್ಟೆ ಸವೆದಿದೆ ಅಂತ. ಕತ್ತರಿಸಿ ದಿಂಬಿನ ಚೀಲ ಮಾಡ್ತೀವಿ. ಶೀಟು ಬರೀ ಮಲಗೋಕಲ್ಲ. ಏಳೋಕಾಗದ ರೋಗೀನ ಒಂದು ಮಂಚದಿಂದ ಇನ್ನೊಂದಕ್ಕೆ ಎತ್ತೋದು ಅದರಲ್ಲೇ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು.

ಇಸ್ತ್ರಿ ಸಾಹೇಬರು ಒಂದಿನ ಬಂದು ನೋಡಿದ್ರು. “ಹಗಲೆಲ್ಲಾ ಕಿಟಕಿ ಮುಂದೆ ಏನ್ರೀ ಇದು, ಬಟ್ಟೆ ಪ್ರದರ್ಶನ? ಇನ್ಮೇಲೆ ಬಂದದ್ದು ಮಡಚೋದು, ಮೇಲೆ ಕಳಿಸೋದು, ಅಷ್ಟೇ.” ಬಟ್ಟೆ ರೂಮಿನ ಮುಖ್ಯಸ್ಥೆ ನಾನೇ ತಾನೇ, ಅಂದೆ, “ಸಾರ್, ಅರ್ಧಕ್ಕರ್ಧ ಸವೆದಿವೆ, ಹೊಸದು ತರಿಸಿ.” “ಇರೋದ್ರಲ್ಲೇ ಸುಧಾರಿಸ್ಬೇಕಮ್ಮ” ಅಂದ್ರು. ಸುಧಾರಿಸಿದ್ವಿ. ಮಡಚಿ ಕಳಿಸಿದ್ವಿ. ಹೋದ ತಿಂಗಳು ಮೂರನೇ ವಾರ್ಡಲ್ಲಿ ತೋಟದ ಕೆಲಸದ ಮುದುಕರೊಬ್ಬರನ್ನ ಎತ್ತುವಾಗ ಶೀಟು ನಡುವೆ ಹರಿದು, ಪಾಪ, ನೆಲಕ್ಕೆ ಬಿದ್ರು. ಭುಜದ ಮೂಳೆ ಮುರೀತು.

ಸಾಹೇಬರು ಎಲ್ಲರನ್ನೂ ದೊಡ್ಡ ಕೋಣೆಗೆ ಕರೆಸಿದ್ರು. “ಈ ಶೀಟನ್ನ ಪಾಸ್ ಮಾಡಿದ್ದು ಯಾರು?” ಅಂದ್ರು. ದೊಡ್ಡಮ್ಮ ತಲೆ ತಗ್ಗಿಸಿದ್ಲು, ತಾನೇ ಆ ಮುದುಕರನ್ನ ಕೆಳಗೆ ಹಾಕಿದೋಳ ಥರ. ಪಕ್ಕದಲ್ಲೇ ಅವತ್ತು ಮಡಚಿಟ್ಟ ಶೀಟುಗಳ ಗಾಡಿ ಇತ್ತು. ಒಂದು ತಗೊಂಡೆ, ಎರಡು ಬೆರಳಲ್ಲಿ ಹಿಡಿದು ಎಳೆದೆ. ಸರ್ರಂತ ಈ ತುದಿಯಿಂದ ಆ ತುದಿ. ಇನ್ನೊಂದು ತಗೊಂಡೆ. ಮತ್ತೊಂದು. “ಪಾಸ್ ಮಾಡಿದ್ದು ನೀವು!” ಅಂದೆ. ಮೆಲ್ಲಗೇನೂ ಅನ್ಲಿಲ್ಲ, ಹೊರಗಿದ್ದ ಆಯಾಗಳೆಲ್ಲಾ ಬಾಗಿಲಿಗೆ ಬಂದ್ರು.

ಈಗ ಆ ಕಾಗದದಲ್ಲಿ ಇರೋದು ಏನು ಅಂದ್ರೆ, ನಾನು ಆಗ ಲಿವಿಡ್ ಆಗಿದ್ದೆ, ಮೈಮೇಲೆ ಜ್ಞಾನ ಇರಲಿಲ್ಲ, ಆಸ್ಪತ್ರೆ ಸಾಮಾನು ಹಾಳು ಮಾಡಿದೆ, ಕ್ಷಮಿಸಬೇಕು. ಸಹಿ ಹಾಕಿದ್ರೆ ಕೆಲಸವೂ ಉಂಟು, ಈ ಕ್ವಾರ್ಟರ್ಸ್ ಮನೆಯೂ ಉಂಟು. ಇಲ್ದಿದ್ರೆ ವಿಚಾರಣೆ; ಅಲ್ಲಿ ಏನು ಬೇಕಾದ್ರೂ ಆಗಬಹುದು.

ಡಿಕ್ಷನರಿ ನೋಡಿ ಹೇಳು. ನಾನು ಲಿವಿಡ್ ಆಗಿದ್ನಾ?

ಅಮ್ಮ


ಜೂನ್ ೨೫

ಅಮ್ಮಾ,

ಸಹಿ ಹಾಕಿಬಿಡು.

ನಿನ್ನದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಪದ ಅಲ್ಲವೇ? ಪದಗಳ ಜೊತೆಗೇ ದಿನವಿಡೀ ಇರುವವಳು ಹೇಳುತ್ತಿದ್ದೇನೆ, ಅವುಗಳ ಭಾರ ನಾವು ಅಂದುಕೊಂಡಷ್ಟಿಲ್ಲ. ಅವರು ಅದನ್ನು ಕಡತದಲ್ಲಿ ಕಟ್ಟಿಡುತ್ತಾರೆ, ಯಾರೂ ತೆಗೆದು ನೋಡುವುದಿಲ್ಲ. ಮನೆ ಬಿಟ್ಟರೆ ಎಲ್ಲಿಗೆ ಹೋಗುತ್ತೀ? ನನ್ನ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ನಿನಗೇ ಗೊತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ.

ಇನ್ನೊಂದು ಮಾತು. ನೀನು ಬರೆದದ್ದನ್ನು ಓದುವಾಗ, ಆ ಶೀಟು ಹರಿಯುವ ಕಡೆ ಬಂದಾಗ, ನನಗೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲಿ ವಸ್ತುಗಳನ್ನು ಒಡೆದದ್ದು, ಹರಿದದ್ದು ಅಪ್ಪ ಮಾತ್ರ. ಅಪ್ಪ ಹೋಗಿ ಇಷ್ಟು ವರ್ಷವಾಯಿತು, ಈಗಲೂ ಕಚೇರಿಯಲ್ಲಿ ಯಾರಾದರೂ ದನಿ ಏರಿಸಿದರೆ ನಾನು ಕೈಯಲ್ಲಿದ್ದ ಲೋಟವನ್ನು ಮೊದಲು ಕೆಳಗಿಡುತ್ತೇನೆ. ನೀನೂ ಹಾಗೆ ಮಾಡಿದೆ ಎಂದು ಊಹಿಸುವುದು ನನಗೆ ಕಷ್ಟ.

ದಯವಿಟ್ಟು ಸಹಿ ಹಾಕು. ಹಾಕಿದೆ ಎಂದು ಒಂದು ಸಾಲು ಬರಿ.

ನಿನ್ನ ಮಗಳು


ಜುಲೈ ೩೦

ಅಮ್ಮಾ,

ನಿನ್ನಿಂದ ಕಾಗದ ಬರದೆ ತಿಂಗಳ ಮೇಲಾಯಿತು. ಫೋನ್ ಮಾಡಿದರೆ ದೊಡ್ಡಮ್ಮ ಎತ್ತಿಕೊಂಡು “ಅವಳು ಸ್ನಾನಕ್ಕೆ ಹೋಗಿದ್ದಾಳೆ” ಎನ್ನುತ್ತಾಳೆ. ಮೂರು ಸಲವೂ ಸ್ನಾನವೇ. ವಿಚಾರಣೆಗೆ ದಿನ ಗೊತ್ತಾಗಿದೆ ಎಂದೂ ಅವಳೇ ಹೇಳಿದಳು. ಅಂದರೆ ನೀನು ಸಹಿ ಹಾಕಿಲ್ಲ.

ಈ ನಡುವೆ ನಡೆದದ್ದನ್ನು ಹೇಳುತ್ತೇನೆ. ಗೂಡಿನಿಂದ ತೆಗೆದ ಮೇಲೆ ಲಿವಿಡ್ ಪದವನ್ನು ನಾನೇ ಬರೆದು ಮುಗಿಸಬೇಕೆಂದಾಯಿತು. ಅರ್ಥ ಬರೆದೆ, ಕೆಳಗೆ ಬಳಕೆಗೆ ಒಂದು ವಾಕ್ಯ: ‘ಅವಳು ಲಿವಿಡ್ ಆಗಿದ್ದಳು’. ನಮ್ಮ ಸಂಪಾದಕರಿಗೆ ಕೊಟ್ಟೆ. ಅವರು ಎರಡು ಮಾತಿನ ನಡುವೆ ಟೀ ಕುಡಿದು ಬರುವಷ್ಟು ಬಿಡುವು ಕೊಡುತ್ತಾರೆ. ಹಿಂದಿನಿಂದ ಎಲ್ಲರೂ ಅವರನ್ನು ಅಲ್ಪವಿರಾಮ ಎನ್ನುವುದು. ಓದಿದರು. ಕನ್ನಡಕ ಒರೆಸಿದರು. ಮತ್ತೆ ಓದಿದರು.

“ಯಾಕಂತೆ?” ಎಂದರು.

“ಏನು ಯಾಕೆ ಸರ್?”

“ಈಕೆಗೆ. ಯಾಕೆ ಸಿಟ್ಟು ಬಂತಂತೆ?”

“ಅದು... ಬರೀ ಉದಾಹರಣೆ ಸರ್. ಯಾಕೆ ಅಂತ ಇಲ್ಲ.”

“ಹೋಗ್ಲಿ, ಗೂಡಲ್ಲಿರೋ ಚೀಟಿಗಳಲ್ಲಿ ಇದೆಯಾ ನೋಡಮ್ಮ. ಇದ್ರೆ ಅಂಥದ್ದು ಹಾಕು.”

ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಮಾಲೀಕ ಲಿವಿಡ್ ಆದ. ಅತ್ತೆ ಲಿವಿಡ್ ಆದಳು. ವಿಷಯ ತಿಳಿದು ಆಕೆ ಲಿವಿಡ್. ಕಾರಣ ಹೇಳಿದ ವಾಕ್ಯಗಳೂ ಇದ್ದವು, ಇಲ್ಲವೆಂದಲ್ಲ. ಆದರೆ ಹೆಚ್ಚಿನವು ಮುಖವನ್ನು ನೋಡಿ ಅಲ್ಲೇ ನಿಂತುಬಿಟ್ಟಿದ್ದವು. ಬಹುತೇಕ ಎಲ್ಲವೂ ಬೇರೆಯವರ ಬಗ್ಗೆ ಬೇರೆಯವರು ಹೇಳಿದ್ದು. ಕೋಣೆಯ ಆ ಬದಿಯಲ್ಲಿ ನಿಂತು, ಈಕೆಗೆ ಏನಾಗಿದೆ ನೋಡಿ ಎಂದಹಾಗೆ. ಈಕೆ ಏನನ್ನು ನೋಡುತ್ತಿದ್ದಾಳೆ ಎಂದು ಆ ಕಡೆ ಯಾರೂ ತಿರುಗಿರಲಿಲ್ಲ.

ಆಗ ನಿನ್ನ ಕಾಗದ ಅರ್ಥವಾಯಿತು. ನೀನು ಲಿವಿಡ್ ಆಗಿದ್ದೆ ಎಂದು ಒಪ್ಪಿಕೊಂಡರೆ ಎಲ್ಲರೂ ನಿನ್ನ ಮುಖ ನೋಡುತ್ತಾರೆ, ಶೀಟನ್ನು ನೋಡುವುದಿಲ್ಲ. ಹೆಂಗಸಿಗೆ ತಲೆ ಕೆಟ್ಟಿತ್ತು, ಹರಿದಳು. ಬಟ್ಟೆ ಸವೆದಿತ್ತು ಎನ್ನುವುದು ಮಾಯ. ಬಿದ್ದ ಮುದುಕರೂ ಮಾಯ. ಒಂದು ಪದಕ್ಕೆ ಭಾರವಿಲ್ಲ ಎಂದು ನಾನು ಬರೆದದ್ದು ತಪ್ಪು. ಸಹಿ ಹಾಕು ಎಂದು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಸ್ನಾನ ಮುಗಿದಿದ್ದರೆ ಉತ್ತರ ಬರಿ.

ನಿನ್ನ ಮಗಳು


ಆಗಸ್ಟ್ ೯

ಮಗಳೇ,

ಸ್ನಾನ ಮುಗೀತು.

ನಿನ್ನ ಮೇಲೆ ಮುನಿಸ್ಕೊಂಡಿದ್ದೆ. ಈ ಮುನಿಸು ಅನ್ನೋದಕ್ಕೆ ನಿಮ್ಮ ಇಂಗ್ಲಿಷಲ್ಲಿ ಏನಂತಾರೆ, ಗೂಡಲ್ಲಿ ಹುಡುಕು. ಸಿಟ್ಟು ಯಾರ ಮೇಲೆ ಬೇಕಾದ್ರೂ ಬರುತ್ತೆ, ಬಸ್ ಕಂಡಕ್ಟರ್ ಮೇಲೂ ಬರುತ್ತೆ. ಮುನಿಸು ನಮ್ಮೋರ ಮೇಲೆ ಮಾತ್ರ. ಇಸ್ತ್ರಿ ಸಾಹೇಬರ ಮೇಲೆ ಮುನಿಸ್ಕೊಳ್ಳೋಕೆ ಅವರೇನು ನನ್ನ ಅಣ್ಣನಾ ತಮ್ಮನಾ?

ನಿಮ್ಮ ಅಲ್ಪವಿರಾಮದೋರು ಕೇಳಿದ್ದು ಸರಿಯಾಗಿದೆ. ಆದ್ರೆ ನಾನು ನಿಂಗೆ ಒಂದು ಮಾತು ಹೇಳಿರಲಿಲ್ಲ. ಹೇಳೋಕೆ ನಾಚಿಕೆ. ಅವತ್ತು ದೊಡ್ಡ ಕೋಣೇಲಿ, ಶೀಟಿಗೆ ಕೈ ಹಾಕೋಕೆ ಮುಂಚೆ, ನಾನು ಏನೋ ಹೇಳೋಕೆ ಹೋದೆ. ಸಾಹೇಬರು ನಕ್ಕೊಂಡು, “ಅಜ್ಜಿ, ನೀವು ಸ್ವಲ್ಪ ಕೂತ್ಕೊಳ್ಳಿ” ಅಂದ್ರು. ಅಜ್ಜಿ! ಯಾರಜ್ಜಿ? ನನ್ನ ಮಗಳಿಗೇ ಇನ್ನೂ ಮದುವೆ ಇಲ್ಲ. ಅವರ ತಲೇಲಿ ನನ್ನ ತಲೇಲಿರೋದರ ಅರ್ಧ ಕೂದಲಿಲ್ಲ. ಎಲ್ಲರೂ ಕಿಸಕ್ಕಂತ ನಕ್ರು, ನಿನ್ನ ದೊಡ್ಡಮ್ಮನೂ ನಕ್ಕಳು, ಅವಳೇ ಒಪ್ಕೊಂಡಿದ್ದಾಳೆ. ಆಗ ನೋಡು, ಕಾಲಿನ ಹೆಬ್ಬೆರಳಿಂದ ನೆತ್ತೀತನಕ ಉರಿದುಹೋಯ್ತು. ಕಣ್ಣು ಕತ್ತಲೆ ಬಂತು. ಅದು ನಿಮ್ಮ ಮಾಳಿಗೆ ಮೇಲಿನ ಸಿಟ್ಟೇ ಇರಬೇಕು. ಎರಡು ಮಾತು ಕೆಟ್ಟದಾಗೂ ಅಂದೆ, ಇಲ್ಲಿ ಬರೆಯಲ್ಲ.

ಶೀಟು ಹರಿದದ್ದು ಅದಾದ ಮೇಲೆ. ಹರಿಯುವಾಗ ಕಣ್ಣು ಚೆನ್ನಾಗೇ ಕಾಣ್ತಿತ್ತು. ಯಾವ ಶೀಟು ಹರಿಯುತ್ತೆ, ಯಾವುದು ಹರಿಯಲ್ಲ ನೋಡ್ಕೊಂಡೇ ತಗೊಂಡೆ. ಗಟ್ಟಿ ಶೀಟನ್ನ ಮುಟ್ಟಲಿಲ್ಲ.

ಅಂದ್ರೆ ಅವತ್ತು ನಂಗೆ ಬಂದದ್ದು ಎರಡು ಸಿಟ್ಟು. ಅವರು ಎರಡನ್ನೂ ಒಂದೇ ಪದದೊಳಗೆ ತುರುಕಿ ಸಹಿ ಹಾಕು ಅಂತಿದ್ದಾರೆ. ಅವರು ಬರೆದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದಕ್ಕೇ ಇಷ್ಟು ದಿನ ಕೈ ಆಡಲಿಲ್ಲ. ವಿಚಾರಣೆಗೆ ಕೊಡೋಕೆ ನನ್ನ ಮಾತು ಇಂಗ್ಲಿಷಲ್ಲಿ ಬರೆದುಕೊಡು. ಎರಡನ್ನೂ ಬೇರೆ ಬೇರೆ ಮಾಡಿ ಬರಿ. ಆಮೇಲೆ ಅದನ್ನೇ ಕನ್ನಡದಲ್ಲಿ ನಂಗೆ ಬರೆದು ತಿಳಿಸು, ಒಂದು ಅಕ್ಷರ ಆಚೆ ಈಚೆ ಆಗದ ಹಾಗೆ.

ಅಮ್ಮ


ಆಗಸ್ಟ್ ೧೭

ಪ್ರೀತಿಯ ಅಮ್ಮನಿಗೆ,

ಅಜ್ಜಿ ಅಂದದ್ದನ್ನು ಓದಿ ನಗಬಾರದೆಂದುಕೊಂಡೆ, ಆಗಲಿಲ್ಲ. ಕ್ಷಮಿಸು. ಮುನಿಸಿಗೆ ಇಂಗ್ಲಿಷಿನಲ್ಲಿ ಇಡೀ ಗೋಡೆ ಹುಡುಕಿದೆ. ಹತ್ತಿರದ್ದು ಒಂದೆರಡು ಸಿಕ್ಕವು. ಆದರೆ ಅವುಗಳಲ್ಲಿ ಮುಖ ಊದಿಸುವುದಿದೆ, ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾಯುವುದು ಇಲ್ಲ.

ಬರೆದದ್ದನ್ನು ಜೊತೆಗಿಟ್ಟಿದ್ದೇನೆ. ಕನ್ನಡದಲ್ಲಿ ಹೀಗಾಗುತ್ತದೆ: ‘ಮ್ಯಾನೇಜರು ನನ್ನನ್ನು ಎಲ್ಲರ ಮುಂದೆ ಅಜ್ಜಿ ಎಂದು ಕರೆದಾಗ ನಾನು ಲಿವಿಡ್ ಆದೆ. ಆಗ ಆಡಿದ ಮಾತುಗಳಿಗೆ ವಿಷಾದಿಸುತ್ತೇನೆ. ಆನಂತರ, ಬಟ್ಟೆ ಕೋಣೆಯಲ್ಲಿ ಬಳಕೆಗೆ ಯೋಗ್ಯವಲ್ಲದ ಬೆಡ್‌ಶೀಟುಗಳಿವೆ ಎಂಬುದನ್ನು ಗಮನಕ್ಕೆ ತರುವ ಸಲುವಾಗಿ ಅವುಗಳಲ್ಲಿ ಮೂರನ್ನು ಹರಿದು ತೋರಿಸಿದೆ.’

ಎರಡನೆಯದಕ್ಕೆ ಸಿಟ್ಟಿನ ಪದ ಹಾಕಿಲ್ಲ, ಗಮನಿಸಿದೆಯಾ? ಅನ್ಯಾಯ ಕಂಡು ಬರುವ ಸಿಟ್ಟಿಗೆಂದೇ ಇಂಗ್ಲಿಷಿನಲ್ಲಿ ‘ಇಂಡಿಗ್ನೆಂಟ್’ ಎಂದಿದೆ. ಅದನ್ನು ಹಾಕೋಣವೆಂದು ಒಂದು ದಿನವೆಲ್ಲ ಯೋಚಿಸಿದೆ. ಆದರೆ ಅದು ನಾವೇ ನಮ್ಮ ಬೆನ್ನು ತಟ್ಟಿಕೊಂಡ ಹಾಗೆ ಕೇಳಿಸುತ್ತದೆ. ಬೇರೆ ಯಾವುದನ್ನು ಹಾಕಿದರೂ ಅವರು ಮತ್ತೆ ನಿನ್ನ ಮುಖ ನೋಡುತ್ತಾರೆ. ಅದಕ್ಕೇ ಸಿಟ್ಟನ್ನು ತೆಗೆದು ಶೀಟನ್ನು ಮಾತ್ರ ಉಳಿಸಿದೆ. ಇದೇ ಸುರಕ್ಷಿತ.

ನಿನ್ನ ಮಗಳು


ಆಗಸ್ಟ್ ೨೪

ಮಗಳೇ,

ಮೊದಲನೇದು ಸರಿಯಾಗಿದೆ. ಎರಡನೇದು ಯಾರು ಬರೆದದ್ದು? ನಾನಲ್ಲ. ‘ಗಮನಕ್ಕೆ ತರುವ ಸಲುವಾಗಿ’ ನಾನು ಜನ್ಮದಲ್ಲಿ ಏನೂ ಮಾಡಿಲ್ಲ. ದೊಡ್ಡಮ್ಮನಿಗೆ ಓದಿ ಹೇಳಿದೆ. “ಇದೇನೇ, ಸ್ಟೋರಿನೋರು ನೋಟೀಸ್ ಬೋರ್ಡಿಗೆ ಅಂಟಿಸೋ ಚೀಟಿ ಥರ ಇದೆ” ಅಂದ್ಲು.

ಸಿಟ್ಟು ಬಂದಿತ್ತು ಮಗಳೇ. ತೆಗೀಬೇಡ. ಒಬ್ಬರ ಭುಜ ಮುರಿದಾಗಲೂ ಸಿಟ್ಟು ಬರದೆ ಗಮನಕ್ಕೆ ತರೋ ಹೆಂಗಸನ್ನ ಯಾರು ನಂಬ್ತಾರೆ? ನಾನಾಗಿದ್ರೆ ನಂಬ್ತಿರಲಿಲ್ಲ.

ನಿಂಗೆ ಯಾಕೆ ಸಿಟ್ಟು ಅಂದ್ರೆ ಹೆದರಿಕೆ ಅಂತ ನಂಗೊತ್ತು. ನಿನ್ನ ಆ ಕಾಗದ ಓದಿ ನಂಗೆ ಹೆಚ್ಚು ನೋವಾದದ್ದು ಸಹಿ ಹಾಕು ಅಂದದ್ದಕ್ಕಲ್ಲ, ನಿಮ್ಮಪ್ಪನ ಪಕ್ಕ ನನ್ನನ್ನ ನಿಲ್ಲಿಸಿದ್ದಕ್ಕೆ. ಆಗ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ಹೇಳ್ತೀನಿ. ನಿಮ್ಮಪ್ಪ ತಟ್ಟೆ ಎಸೆದಾಗ ನೀನು ಯಾವತ್ತಾದ್ರೂ ಯಾಕೆ ಅಂತ ಕೇಳಿದ್ಯಾ? ನಾನು ಕೇಳಿದ್ದೆ. ಒಂದಿನ ಉಪ್ಪು ಅಂದ್ರು, ಒಂದಿನ ಫ್ಯಾನು ಅಂದ್ರು, ಒಂದಿನ ಏನೂ ಅನ್ಲಿಲ್ಲ. ಅವರ ಸಿಟ್ಟಿಗೆ ‘ಯಾಕಂದ್ರೆ’ ಇರಲಿಲ್ಲ. ಮೊದಲು ಸಿಟ್ಟು ಬರ್ತಿತ್ತು, ಆಮೇಲೆ ಅದಕ್ಕೊಂದು ಕಾರಣ ಹುಡುಕಿ ತರ್ತಿದ್ರು. ಕೆಟ್ಟ ಮನುಷ್ಯ ಅಂತ ಹೇಳ್ತಿಲ್ಲ. ಆದ್ರೆ ಅದು ಬೇರೆ, ಇದು ಬೇರೆ.

ನಂಗೆ ಮಾಳಿಗೆ ಪದವೂ ಬೇಡ, ಬೆನ್ನು ತಟ್ಕೊಳ್ಳೋ ಪದವೂ ಬೇಡ. ನಡು ಮೆಟ್ಟಿಲಲ್ಲಿ ಒಂದು ಇದೆ ಅಂತ ಬರೆದಿದ್ದೆಯಲ್ಲ, ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರೋದು, ನಂಗೂ ಗೊತ್ತಿರೋದು. ಅದನ್ನೇ ಹಾಕು. ಅದರ ಮುಂದೆ ‘ಯಾಕಂದ್ರೆ’ ಬರಿ.

ಅಮ್ಮ


ಆಗಸ್ಟ್ ೨೯

ಅಮ್ಮಾ,

ಹೊಸದು ಇಟ್ಟಿದ್ದೇನೆ. ಮೊದಲನೆಯದು ಹಾಗೇ ಇದೆ. ಎರಡನೆಯದು ಇಷ್ಟು: ‘ನಾನು ಶೀಟುಗಳನ್ನು ಹರಿದೆ. ಆಗ ನನಗೆ ಸಿಟ್ಟು ಬಂದಿತ್ತು, ಏಕೆಂದರೆ ಅವು ಎರಡು ಬೆರಳಿಗೆ ಹರಿಯುವಷ್ಟು ಸವೆದಿದ್ದವು, ಅದು ಅವರಿಗೆ ಗೊತ್ತಿತ್ತು, ಒಬ್ಬರು ಬಿದ್ದರು.’

ಇಂಗ್ಲಿಷಿನಲ್ಲೂ ಇಷ್ಟೇ ಚಿಕ್ಕದಾಗಿದೆ. ಡಿಕ್ಷನರಿ ನೋಡಬೇಕಾದ ಒಂದು ಪದವೂ ಎರಡನೆಯದರಲ್ಲಿಲ್ಲ. ನಿನ್ನ ಹೆಸರು ಬರೆಯಲು ಕೆಳಗೆ ಜಾಗ ಬಿಟ್ಟಿದ್ದೇನೆ.

ಅಪ್ಪನ ಬಗ್ಗೆ ನೀನು ಬರೆದದ್ದಕ್ಕೆ ಉತ್ತರ ಬರೆಯಲು ಕೂತೆ. ಇನ್ನೂ ಬರೆಯಲಾಗಿಲ್ಲ.

ನಿನ್ನ ಮಗಳು


ಸೆಪ್ಟೆಂಬರ್ ೨೦

ಮಗಳೇ,

ವಿಚಾರಣೆ ಮುಗೀತು. ವಿಚಾರಣೆ ಮಾಡೋಕೆ ಅಂತ ಹೊರಗಿನಿಂದ ಒಬ್ಬ ಹೆಂಗಸು ಬಂದಿದ್ರು. ಗಂಟಲು ಕಟ್ಟಿತ್ತೋ ಏನೋ, ಪೆಪ್ಪರ್ಮಿಂಟು ಚೀಪ್ತಾನೇ ಇದ್ರು. ಇಸ್ತ್ರಿ ಸಾಹೇಬರು ಎದ್ದು, ಈಯಮ್ಮ ಅವತ್ತು ಲಿವಿಡ್ ಆಗಿದ್ರು, ಇಡೀ ಆಸ್ಪತ್ರೆ ನೋಡಿದೆ ಅಂದ್ರು.

“ಹೌದು ಮೇಡಂ” ಅಂದೆ. “ಆಗಿದ್ದೆ. ಇವರು ನನ್ನನ್ನ ಅಜ್ಜಿ ಅಂದಾಗ.”

ಪೆಪ್ಪರ್ಮಿಂಟು ಬಾಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಯ್ತು. “ಅಜ್ಜಿ ಅಂದ್ರಾ?” ಅಂತ ಸಾಹೇಬರನ್ನ ನೋಡಿದ್ರು. ಸಾಹೇಬರು, “ಗೌರವಕ್ಕೆ ಮೇಡಂ, ಗೌರವಕ್ಕೆ” ಅಂದ್ರು. ಆಯಮ್ಮ ನೀನು ಬರೆದದ್ದನ್ನ ಎರಡು ಸಲ ಓದಿದ್ರು. “ಇಲ್ಲಿ ಎರಡು ಬರೆದಿದ್ದೀರಿ. ಇದೂ ಸಿಟ್ಟು, ಅದೂ ಸಿಟ್ಟು. ವ್ಯತ್ಯಾಸ ಏನಮ್ಮ?”

ನಾನಂದೆ, “ಮೊದಲನೇದಕ್ಕೆ ಕ್ಷಮೆ ಕೇಳು ಅಂದ್ರೆ ಇಲ್ಲೇ ಕೇಳ್ತೀನಿ ಮೇಡಂ. ಎರಡನೇದಕ್ಕೆ ಕೇಳಲ್ಲ.”

ಕೇಳಿದೆ ಕೂಡ. ಸಾಹೇಬರ ಕಡೆ ತಿರುಗಿ, ಅವತ್ತು ಅಂದ ಎರಡು ಮಾತಿಗೆ ತಪ್ಪಾಯ್ತು ಅಂದೆ. ಅವರ ಮುಖ ಇಷ್ಟಗಲ ಆಯ್ತು. ಎರಡನೇದಕ್ಕೂ ಕೇಳ್ತೀನಿ ಅಂತ ಸ್ವಲ್ಪ ಹೊತ್ತು ಕಾದ್ರು. ನಾನು ಕೂತ್ಕೊಂಡೆ.

ನಿನ್ನೆ ಆರ್ಡರ್ ಬಂತು. ಕೆಲಸ ಉಳೀತು, ಮನೆ ಉಳೀತು. ಬಟ್ಟೆ ರೂಮಿನ ಮುಖ್ಯಸ್ಥೆ ಅನ್ನೋದು ಹೋಯ್ತು, ಸಾಮಾನು ಹಾಳು ಮಾಡಿದ್ದಕ್ಕೆ. ಇನ್ಮೇಲೆ ನಾನು ಎಲ್ಲರ ಥರ ಹೊಲಿಯೋಳು. ಬೇರೆ ಕಡೆಯಿಂದ ಒಬ್ಬಳನ್ನ ಮೇಲೆ ಕೂರಿಸಿದ್ದಾರೆ, ಒಳ್ಳೆಯೋಳೇ. ಕಿಟಕಿಗೆ ಹಿಡಿದು ನೋಡೋಣ್ವಾ ಅಂದ್ರೆ, “ಆರ್ಡರ್ ಬರಲಿ ಅಕ್ಕ” ಅಂತಾಳೆ. ಶೀಟುಗಳ ವಿಷಯ ‘ಪರಿಶೀಲಿಸಲಾಗುವುದು’ ಅಂತ ಕೊನೇಲಿ ಒಂದು ಸಾಲು ಇದೆಯಂತೆ. ಸಿಸ್ಟರ್ ಓದಿ ಹೇಳಿದ್ರು, ಈ ಸಲ ಎಲ್ಲೂ ಕೈ ತಿರುಗಿಸಲಿಲ್ಲ.

ನಂಗೆ ಸಮಾಧಾನ ಇದೆ. ಸುಳ್ಳಿಗೆ ಸಹಿ ಹಾಕಲಿಲ್ಲ. ಇಷ್ಟೇ ನನ್ನ ಕೈಲಿದ್ದದ್ದು. ನೀನು ಮನಸ್ಸಿಗೆ ಹಚ್ಕೋಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಸೆಪ್ಟೆಂಬರ್ ೨೬

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದವನ್ನು ಕಚೇರಿಯಲ್ಲೇ ಓದಿದೆ. ‘ಪರಿಶೀಲಿಸಲಾಗುವುದು’ ಎನ್ನುವಲ್ಲಿಗೆ ಬಂದಾಗ ನನ್ನ ಕಿವಿ ಬಿಸಿಯಾಯಿತು. ಎದುರಿನ ಮೇಜಿನವಳು “ಏನೇ, ಹುಷಾರಿಲ್ವಾ?” ಎಂದಳು. “ಸಿಟ್ಟು ಬಂದಿದೆ” ಎಂದೆ. “ನಿಂಗಾ!” ಎಂದು ಅವಳು ಪಕ್ಕದವಳನ್ನೂ ಕರೆದು ತೋರಿಸಿದಳು.

ಯಾವ ಮೆಟ್ಟಿಲಿನ ಸಿಟ್ಟು ಎಂದು ನಾನು ಹುಡುಕಲಿಲ್ಲ. ಅಲ್ಲೇ ಕೂತು ಆಸ್ಪತ್ರೆಯ ಆಡಳಿತ ಮಂಡಳಿಗೆ ಬರೆದೆ. ನಿನ್ನ ಹುದ್ದೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅದನ್ನು ಹಾಕಿದ್ದರೆ ಮಗಳು ಅಮ್ಮನಿಗಾಗಿ ಗೋಗರೆದಳು ಎಂದು ಪಕ್ಕಕ್ಕಿಡುತ್ತಿದ್ದರು. ಕನ್ನಡದಲ್ಲಿ ಹೀಗಿದೆ, ಒಂದು ಅಕ್ಷರ ಆಚೆ ಈಚೆ ಇಲ್ಲ: ‘ನನಗೆ ಸಿಟ್ಟು ಬಂದಿದೆ, ಏಕೆಂದರೆ ಆ ಶೀಟುಗಳು ಇಂದಿಗೂ ನಿಮ್ಮ ಹಾಸಿಗೆಗಳ ಮೇಲಿವೆ. ಅವುಗಳ ಮೇಲೆ ಜನ ಮಲಗಿದ್ದಾರೆ. ಅವುಗಳಲ್ಲೇ ಅವರನ್ನು ಎತ್ತುತ್ತೀರಿ. ಯಾವ ದಿನ ಅವನ್ನು ತೆಗೆಯುತ್ತೀರಿ ಎಂದು ತಿಳಿಸಿ. ತಿಳಿಸುವವರೆಗೆ ಬರೆಯುತ್ತಲೇ ಇರುತ್ತೇನೆ.’ ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ.

ನಿನ್ನನ್ನು ಕೇಳದೆಯೇ ಅಂಚೆಗೆ ಹಾಕಿದೆ. ಇದರಿಂದ ನಿನಗೆ ಅಲ್ಲಿ ತೊಂದರೆಯಾಗಬಹುದು ಎಂದು ಗೊತ್ತು. ಗೊತ್ತಿದ್ದೂ ಹಾಕಿದೆ.

ಭಾನುವಾರ ಬರುತ್ತಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಎದುರಿಗೇ ಬೈ. ನಾನೂ ತಿರುಗಿ ಮಾತಾಡುತ್ತೇನೆ.

ನಿನ್ನ ಮಗಳು